ಹಾಡಲು ಕಲಿತು ಪಿಟೀಲು ನುಡಿಸಿದ್ದು

ಕರ್ನಾಟಕ ಸಂಗೀತದ ಕಛೇರಿಗಳಲ್ಲಿ ಪಕ್ಕವಾದ್ಯವಾಗಿ ಪಿಟೀಲು ನುಡಿಸುವುದು ನನ್ನ ವೃತ್ತಿ. ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಗುರುಗಳು ಯಾವ ಕೃತಿಯನ್ನೂ ನೇರವಾಗಿ ವಾದ್ಯದ ಮೇಲೆ ಕಲಿಸುತ್ತಿರಲಿಲ್ಲ. ಪಲ್ಲವಿಯಿಂದ ಚರಣದವರೆಗೆ ತಾಳ ಹಾಕಿಕೊಂಡು, ಸಾಹಿತ್ಯ, ಅಂದರೆ ಕೃತಿಯ ಪದಗಳು, ತಪ್ಪದಂತೆ ಹಾಡಿ ಒಪ್ಪಿಸಿದ ಮೇಲೆಯೇ ಕಮಾನು ಹಿಡಿಯಲು ಅಪ್ಪಣೆ ಸಿಗುತ್ತಿತ್ತು. ಇಂದು ವೇದಿಕೆಯ ಮೇಲೆ ನನಗೆ ಏನಾದರೂ ಸಾಧ್ಯವಾಗುತ್ತಿದ್ದರೆ ಅದಕ್ಕೆ ಈ ಕ್ರಮವೇ ಆಧಾರವೆಂದು ನಾನು ದೃಢವಾಗಿ ನಂಬಿದ್ದೇನೆ.

ಇದು ನಮ್ಮ ಗುರುಗಳೊಬ್ಬರ ಪದ್ಧತಿಯೇನೂ ಅಲ್ಲ. ಯುರೋಪಿನಿಂದ ಬಂದ ಈ ವಾದ್ಯವನ್ನು ವಾಗ್ಗೇಯಕಾರ ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ನಮ್ಮ ಸಂಗೀತಕ್ಕೆ ಒಗ್ಗಿಸಿದಾಗಿನಿಂದ ಅದು ಹಾಡುವ ಕಂಠವನ್ನೇ ಅನುಸರಿಸಿ ಬೆಳೆದಿದೆ. 1895ರಲ್ಲಿ ತಿರುಮಕೂಡಲು ನರಸೀಪುರದಲ್ಲಿ ಹುಟ್ಟಿದ ಟಿ. ಚೌಡಯ್ಯನವರ ಗುರುಗಳಾದ ಬಿಡಾರಂ ಕೃಷ್ಣಪ್ಪನವರು ಹೆಸರಾಂತ ಗಾಯಕರು. ಚೌಡಯ್ಯನವರು ಏಳು ತಂತಿಯ ಪಿಟೀಲನ್ನು ರೂಪಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ. ಧ್ವನಿವರ್ಧಕವಿಲ್ಲದ ಸಭೆಗಳಲ್ಲಿ ನಾದ ಹಿಂದಿನ ಸಾಲಿಗೂ ಮುಟ್ಟಬೇಕೆಂಬುದು ಅದರ ಉದ್ದೇಶ. ಆದರೆ ಆ ನಾದದ ಹಿಂದೆ ಗಾಯಕರೊಬ್ಬರ ಬಳಿ ಪಡೆದ ಶಿಕ್ಷಣವಿತ್ತು ಎಂಬುದನ್ನು ನಾವು ಅಷ್ಟಾಗಿ ಹೇಳುವುದಿಲ್ಲ.

ಹಾಡಲು ಕಲಿತದ್ದರ ಫಲ ಮೊದಲು ಕಾಣುವುದು ಕಮಾನು ಹಿಡಿಯುವ ಬಲಗೈಯಲ್ಲಿ. ನೆಲದ ಮೇಲೆ ಕುಳಿತು, ವಾದ್ಯದ ತಲೆಯನ್ನು ಬಲಗಾಲಿನ ಹರಡಿನ ಬಳಿ ಊರುವುದರಿಂದ ಎಡಗೈಗೆ ವಾದ್ಯದ ಭಾರವಿರುವುದಿಲ್ಲ; ಸ್ವರದಿಂದ ಸ್ವರಕ್ಕೆ ಜಾರುವ ಜಾರು, ಸ್ವರವನ್ನು ಅಲುಗಿಸುವ ಕಂಪಿತ ಎಂಬ ಗಮಕಗಳಿಗೆ ಬೆರಳು ಸಲೀಸಾಗಿ ಓಡಾಡುತ್ತದೆ. ಎಡಗೈಯ ಈ ಕೆಲಸವನ್ನು ಸ್ವರ ಬರೆದುಕೊಂಡು ಒಂದಷ್ಟು ದೂರ ಸಾಧಿಸಬಹುದು. ಕಮಾನನ್ನು ಎಲ್ಲಿ ತಿರುಗಿಸಬೇಕು ಎಂಬುದನ್ನು ಮಾತ್ರ ಸ್ವರಲಿಪಿ ಹೇಳುವುದಿಲ್ಲ, ಸಾಹಿತ್ಯ ಹೇಳುತ್ತದೆ. ದೀರ್ಘಾಕ್ಷರವನ್ನು ಒಂದೇ ಎಳೆತದಲ್ಲಿ ನಿಲ್ಲಿಸಬೇಕು, ಒತ್ತಕ್ಷರ ಬಂದಲ್ಲಿ ಕಮಾನಿಗೂ ಸಣ್ಣದೊಂದು ಒತ್ತು ಬೀಳಬೇಕು, ಪದದ ನಡುವೆ ಕಮಾನು ತುಂಡಾಗಬಾರದು. ಪುರಂದರದಾಸರ ಪದದಲ್ಲಿ ‘ಪುರಂದರ ವಿಠಲ’ ಎಂಬ ಅವರ ಅಂಕಿತ ಬಂದಾಗ ‘ಪುರಂ’ ಎಂಬಲ್ಲಿ ಕಮಾನು ತಿರುಗಿದರೆ, ಕನ್ನಡ ಬಲ್ಲ ಕೇಳುಗರಿಗೆ ಹೆಸರೇ ಒಡೆದಂತೆ ಕೇಳಿಸುತ್ತದೆ. ಅಭ್ಯಾಸದಲ್ಲಿ ನಾನು ಒಂದೊಂದು ಸಾಲನ್ನೂ ಹಾಡುತ್ತ ನುಡಿಸುತ್ತೇನೆ, ಅನಂತರ ಧ್ವನಿಯನ್ನು ನಿಲ್ಲಿಸಿ, ಮನಸ್ಸಿನಲ್ಲಿ ಮಾತ್ರ ಉಚ್ಚರಿಸುತ್ತ ಮತ್ತೆ ನುಡಿಸುತ್ತೇನೆ. ಎರಡೂ ಒಂದೇ ರೀತಿ ಕೇಳಿಸುವವರೆಗೆ ಮುಂದಿನ ಸಾಲಿಗೆ ಹೋಗುವುದಿಲ್ಲ.

ಶ್ರುತಿಯ, ಅಂದರೆ ಹಾಡಿಗೆ ಆಧಾರವಾದ ಷಡ್ಜದ ಎತ್ತರದ, ವಿಷಯದಲ್ಲಿ ಪಕ್ಕವಾದ್ಯದವರಿಗೆ ಆಯ್ಕೆಯಿಲ್ಲ. ಗಾಯಕಿಯೊಬ್ಬರ ಎತ್ತರದ ಐದೂವರೆ ಶ್ರುತಿಗೆ ತಂತಿಗಳು ಬಿಗಿಯಾಗಿರುತ್ತವೆ. ಮರುದಿನ ಗಾಯಕರೊಬ್ಬರ ತಗ್ಗಾದ ಒಂದನೆಯ ಶ್ರುತಿಗೆ ಅವೇ ತಂತಿಗಳನ್ನು ಇಳಿಸಿದಾಗ, ಬೆರಳಿನ ಒತ್ತಡವನ್ನೂ ಕಮಾನಿನ ಭಾರವನ್ನೂ ಬದಲಾಯಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಕಛೇರಿಯ ಹಿಂದಿನ ದಿನವೇ ಆ ಶ್ರುತಿಗೆ ವಾದ್ಯವನ್ನು ಸೇರಿಸಿಟ್ಟು ಅಭ್ಯಾಸಕ್ಕೆ ಒದಗುವ ರಚನೆಯಾದ ವರ್ಣವನ್ನು ಅದರಲ್ಲೇ ನುಡಿಸುವುದನ್ನು ರೂಢಿ ಮಾಡಿಕೊಂಡಿದ್ದೇನೆ.

ವೇದಿಕೆಯ ಮೇಲೆ ಅತ್ಯಂತ ಕಠಿಣವಾದುದು ಆಲಾಪನೆಯನ್ನು, ಅಂದರೆ ತಾಳವಿಲ್ಲದೆ ರಾಗವನ್ನು ಬಿಡಿಸುವ ಭಾಗವನ್ನು, ಹಿಂಬಾಲಿಸುವುದು. ಗಾಯಕರು ಮುಂದೆ ಯಾವ ಸ್ವರಕ್ಕೆ ಹೋಗುತ್ತಾರೆಂದು ಊಹಿಸಿ ಅವರಿಗಿಂತ ಮೊದಲೇ ಅಲ್ಲಿಗೆ ಹಾರುವುದು ಜಾಣತನವೆನಿಸಬಹುದು, ಆದರೆ ಅದು ಅವರ ಕಲ್ಪನೆಯನ್ನು ಕಟ್ಟಿಹಾಕುತ್ತದೆ. ಅವರ ಸಂಚಾರದ ಕೊನೆಯನ್ನು ನೆರಳಿನಂತೆ ಹಿಡಿದು, ಅವರು ಉಸಿರು ತೆಗೆದುಕೊಳ್ಳುವಾಗ ಸಂಚಾರ ಬಂದು ನಿಂತ ಆ ನ್ಯಾಸಸ್ವರವನ್ನು ಮೆಲ್ಲಗೆ ನಿಲ್ಲಿಸಿಕೊಂಡಿರುವುದೇ ನನ್ನ ಕೆಲಸ. ಹಾಡಿ ಕಲಿತವರಿಗೆ ಆ ಉಸಿರು ಎಲ್ಲಿ ಬರುತ್ತದೆಂದು ಗೊತ್ತಾಗುತ್ತದೆ. ಅನಂತರ ನನ್ನ ಸರದಿ ಬಂದಾಗ, ಅವರು ಬಿಡಿಸಿದ ರಾಗದ ರೂಪ ಕೆಡದಂತೆ, ಅವರಿಗಿಂತ ಕಡಿಮೆ ಅವಧಿಯಲ್ಲಿ ಮುಗಿಸುತ್ತೇನೆ. ಕೃತಿಯ ಒಂದು ಸಾಲನ್ನು ಬಗೆಬಗೆಯಾಗಿ ವಿಸ್ತರಿಸುವ ನೆರವಲಿನಲ್ಲಿ ನನಗೆ ಸಾಹಿತ್ಯ ಉಚ್ಚರಿಸುವ ಬಾಯಿಲ್ಲ. ಆದರೂ ಸಾಲಿನ ಪದಗಳು ತಾಳದಲ್ಲಿ ತಮ್ಮ ಸ್ಥಾನ ಬಿಟ್ಟು ಕದಲದಂತೆ ನುಡಿಸಿದರೆ ಸಭಿಕರು ಅವನ್ನು ತಾವೇ ಕೇಳಿಕೊಳ್ಳುತ್ತಾರೆ.

ಕಛೇರಿಯ ಕೊನೆಯ ಭಾಗದಲ್ಲಿ ಬರುವ, ಹರಿದಾಸರ ಕಿರು ರಚನೆಗಳಾದ ಉಗಾಭೋಗಗಳೆಂದರೆ ನನಗೆ ವಿಶೇಷ ಪ್ರೀತಿ. ಅಲ್ಲಿ ತಾಳದ ಕಟ್ಟಿಲ್ಲ, ಮೃದಂಗದ ಆಸರೆಯಿಲ್ಲ. ದಾಸರ ಮಾತೇ ನಡೆಯನ್ನು ನಿರ್ಧರಿಸುತ್ತದೆ. ಗಾಯಕರು ಒಂದು ಪದವನ್ನು ಅರ್ಥಕ್ಕಾಗಿ ಎರಡು ಮೂರು ಬಗೆಯಲ್ಲಿ ಹೇಳಿದರೆ ನಾನೂ ಆ ಪದದಲ್ಲೇ ಉಳಿಯುತ್ತೇನೆ; ಅಲ್ಲಿ ಕೈಚಳಕ ತೋರುವುದು ನನಗೆ ಅಪಚಾರವೆನಿಸುತ್ತದೆ.

ಜೀವನೋಪಾಯದ ಮಾತನ್ನೂ ಹೇಳಬೇಕು. ಆಕಾಶವಾಣಿಯ ಧ್ವನಿಪರೀಕ್ಷೆಯಲ್ಲಿ ಶ್ರೇಣಿ ದೊರೆತ ಮೇಲೆ ಕರೆಗಳು ಹೆಚ್ಚಿದವು. ರಾಮನವಮಿಯ ಸಮಯದಲ್ಲಿ ಬೆಂಗಳೂರು, ಮೈಸೂರುಗಳ ಪೆಂಡಾಲುಗಳಲ್ಲಿ ಬಿಡುವಿಲ್ಲದಷ್ಟು ಕೆಲಸವಿರುತ್ತದೆ, ಉಳಿದ ತಿಂಗಳುಗಳನ್ನು ಪಾಠವೇ ನಡೆಸುತ್ತದೆ. ಪಕ್ಕವಾದ್ಯದವರ ಸಂಭಾವನೆ ಪ್ರಧಾನ ಕಲಾವಿದರಿಗಿಂತ ಬಹಳ ಕಡಿಮೆಯಿರುವುದು ಇನ್ನೂ ಬದಲಾಗಿಲ್ಲ; ಬದಲಾಗಬೇಕು.

ನನ್ನ ವಿದ್ಯಾರ್ಥಿಗಳಲ್ಲಿ ಅಮೆರಿಕದ ಕನ್ನಡ ಕುಟುಂಬಗಳ ಮಕ್ಕಳೂ ಇದ್ದಾರೆ. ಅಂತರಜಾಲದ ಪಾಠದಲ್ಲಿ ಧ್ವನಿ ತುಸು ತಡವಾಗಿ ಮುಟ್ಟುವುದರಿಂದ ಗುರುಶಿಷ್ಯರು ಕೂಡಿ ನುಡಿಸುವುದು ಸಾಧ್ಯವಿಲ್ಲ. ಹಾಗಾಗಿ ಅವರು ವಾರದ ಪಾಠವನ್ನು ತಾಳ ಹಾಕಿಕೊಂಡು ಹಾಡಿ, ಧ್ವನಿಮುದ್ರಿಸಿ ಕಳುಹಿಸುತ್ತಾರೆ. ಉಚ್ಚಾರವನ್ನೂ ಗಮಕವನ್ನೂ ತಿದ್ದಿ ಹಿಂದಿರುಗಿಸಿದ ಮೇಲೆ, ಅದೇ ಸಾಲನ್ನು ಪಿಟೀಲಿನಲ್ಲಿ ನುಡಿಸಿ ಮುಂದಿನ ತರಗತಿಗೆ ತರಲು ಹೇಳುತ್ತೇನೆ.