ಹೈಡನ್ ಕ್ವಾರ್ಟೆಟ್ ಕೇಳೋಕೆ ಶುರು ಮಾಡೋದು ಹೇಗೆ: ಶಂಕರಾಭರಣ ಗೊತ್ತಿದ್ರೆ ಸಾಕು

ನಮ್ಮಮ್ಮ ರುದ್ರಪಟ್ಟಣದ ಕಡೆಯವರು, ಚಿಕ್ಕಂದಿನಿಂದ ಕಛೇರಿ ಕೇಳಿ ಪಳಗಿದ ಕಿವಿ. ಹಾಸನದ ನಮ್ಮನೇಲಿ ಮೊದಲ ಸಲ ನಾನು ಸ್ಟ್ರಿಂಗ್ ಕ್ವಾರ್ಟೆಟ್ (ಎರಡು ವಯಲಿನ್, ಅದಕ್ಕಿಂತ ಸ್ವಲ್ಪ ದೊಡ್ಡದಾದ ವಯೊಲಾ, ಇನ್ನೂ ದೊಡ್ಡದಾದ ಮಂದ್ರ ದನಿಯ ಚೆಲ್ಲೋ, ನಾಲ್ಕೂ ಸೇರಿ ನುಡಿಸೋ ಪಾಶ್ಚಾತ್ಯ ಸಂಗೀತ) ಹಾಕಿದಾಗ ಐದು ನಿಮಿಷ ಸುಮ್ನೆ ಕೂತು ಕೇಳಿ, ಆಮೇಲೆ ಒಂದೇ ಮಾತು ಕೇಳಿದ್ರು, "ಶ್ರುತಿ ಎಲ್ಲೋ? ತಂಬೂರಿನೇ ಇಲ್ವಲ್ಲ, ಏನನ್ನ ಹಿಡ್ಕೊಂಡು ಕೇಳ್ಬೇಕು?" ಅದಕ್ಕೆ ನೆಟ್ಟಗೆ ಉತ್ತರ ಹೇಳೋಕೆ ನಂಗೆ ಎರಡು ಮಳೆಗಾಲ ಬೇಕಾಯ್ತು. ನಮ್ಮ ಸಂಗೀತ ಸ್ವಲ್ಪ ಗೊತ್ತಿದ್ದು ಇದನ್ನ ಕೇಳ್ಬೇಕು ಅಂತ ಆಸೆ ಇರೋರಿಗೆ ನಾವು ಹೋದ ದಾರಿನ ಬರೀತಿದೀನಿ.

ಮೊದ್ಲು ಇದು ಯಾರಿಗೋಸ್ಕರ ಬರೆದ ಸಂಗೀತ ಅಂತ ತಿಳ್ಕೊಳ್ಳಿ. ಆಸ್ಟ್ರಿಯಾದ ಸಂಗೀತಕಾರ ಜೋಸೆಫ್ ಹೈಡನ್ 1761ರಲ್ಲಿ ಎಸ್ಟರ್‌ಹಾಜಿ ಅನ್ನೋ ರಾಜಮನೆತನದ ಕೆಲಸಕ್ಕೆ ಸೇರಿದ್ರು, ನಮ್ಮ ಮೈಸೂರಲ್ಲಿ ಆಸ್ಥಾನ ವಿದ್ವಾನ್ ಇರ್ತಿದ್ರಲ್ಲ ಹಾಗೆ ಅನ್ಕೊಳ್ಳಿ, ಆದ್ರೆ ಕಟ್ಟುಪಾಡು ಜಾಸ್ತಿ. ಯೂನಿಫಾರ್ಮು, ಬಿಳಿ ಕಾಲುಚೀಲ ಹಾಕ್ಕೊಂಡು ದಿನಾ ಮಧ್ಯಾಹ್ನಕ್ಕೆ ಮುಂಚೆ ಒಂದ್ಸಲ ಆಮೇಲೆ ಒಂದ್ಸಲ ಬಂದು, ಇವತ್ತು ಸಂಗೀತ ಬೇಕಾ ಅಂತ ಪ್ರಭುಗಳ ಅಪ್ಪಣೆಗೆ ಕಾಯ್ಬೇಕು ಅಂತ ಕರಾರಲ್ಲೇ ಇತ್ತು. ಆ ಮನೆತನದ ಪ್ರಿನ್ಸ್ ನಿಕೊಲಾಸ್ ಆಮೇಲೆ ಹಂಗೇರಿಯ ಜೌಗು ನೆಲದಲ್ಲಿ, ವಿಯೆನ್ನಾದಿಂದ ದೂರದಲ್ಲಿ ಎಸ್ಟರ್‌ಹಾಜಾ ಅಂತ ಅರಮನೆ ಕಟ್ಟಿಸಿ ಎಲ್ಲರನ್ನೂ ಅಲ್ಲಿಗೆ ಕರ್ಕೊಂಡು ಹೋದ್ರು. ಸಕಲೇಶಪುರದ ಆಚೆ ಎಸ್ಟೇಟಲ್ಲಿ ಆಷಾಢದ ಮಳೆಗೆ ಸಿಕ್ಕಾಕೊಂಡವರಿಗೆ ಆ ಒಂಟಿತನ ವಿವರಿಸೋದೇ ಬೇಡ. ಇದು ದೊಡ್ಡ ಸಭೆಗೆ ಮಾಡಿದ್ದಲ್ಲ, ಒಂದು ಕೋಣೆಗೆ ಮಾಡಿದ್ದು. ಕೇಳೋದೂ ಕೋಣೇಲಿ ಕೂತೇ ಕೇಳಿ, ಅಡುಗೆ ಮಾಡ್ತಾ ಹಾಕೋಬೇಡಿ.

ಫೋನಿನ ಸ್ಪೀಕರಲ್ಲಂತೂ ದಯವಿಟ್ಟು ಬೇಡ, ಚೆಲ್ಲೋದ ಕೆಳಗಿನ ಸ್ವರಗಳು ಅದರಲ್ಲಿ ಕೇಳಿಸೋದೇ ಇಲ್ಲ, ಆಮೇಲೆ ಬರೀ ಪಿಟೀಲು ಕೀರಲು ಅನ್ಸತ್ತೆ. ಹೆಂಚಿನ ಮೇಲೆ ಮಳೆ ಹೊಡೀತಿದ್ರೆ ಹೆಡ್‌ಫೋನ್ ಹಾಕ್ಕೊಳ್ಳಿ. ಸಾಮಾನ್ಯವಾಗಿ ಎಡಗಡೆ ಮೊದಲ ವಯಲಿನ್ ಇರತ್ತೆ, ಅದರ ಜೊತೆ ಎರಡನೇ ವಯಲಿನ್, ಬಲಗಡೆಗೆ ಚೆಲ್ಲೋ ಅಥವಾ ವಯೊಲಾ. ನಾಲ್ಕು ದನಿನ ಮೊದಲು ಜಾಗದಿಂದ ಗುರುತು ಹಿಡೀರಿ.

ಶುರು ಮಾಡೋಕೆ ಓಪಸ್ 76 (ಓಪಸ್ ಅಂದ್ರೆ ಕೃತಿ ಸಂಖ್ಯೆ, ಒಂದು ಸಂಖ್ಯೆಯಲ್ಲಿ ಹಲವು ಕ್ವಾರ್ಟೆಟ್ ಇರತ್ತೆ), ಅದರ ಮೂರನೇ ಕ್ವಾರ್ಟೆಟ್, ಅದರಲ್ಲೂ ಎರಡನೇ ಭಾಗ ಮಾತ್ರ. ಎಸ್ಟರ್‌ಹಾಜಾ ಅರಮನೆಯ ದಿನಗಳು ಮುಗಿದ ಮೇಲೆ ಬರೆದಿದ್ದು ಇದು, ಆದ್ರೂ ಇದೇ ಮೊದಲು ಅಂತ ಯಾಕೆ ಹೇಳ್ತೀನಿ ಅಂದ್ರೆ ಹಾಡು ನಿಮ್ಮ ಕಿವಿಗೆ ಆಗ್ಲೇ ಗೊತ್ತಿರೋ ಶಂಕರಾಭರಣದ ಸ್ವರಗಳಲ್ಲಿದೆ. ಹೈಡನ್ ಲಂಡನ್ನಿಗೆ ಹೋದಾಗ ಇಂಗ್ಲಿಷರ ರಾಜಗೀತೆ ಕೇಳಿ ನಮ್ಮ ಚಕ್ರವರ್ತಿಗೂ ಇಂಥದ್ದೊಂದು ಬೇಕು ಅಂತ ಆಸೆಪಟ್ಟು 1797ರಲ್ಲಿ ಮಾಡಿದ ಧಾಟಿ ಇದು, ಇವತ್ತು ಜರ್ಮನಿಯ ರಾಷ್ಟ್ರಗೀತೆಗೂ ಇದೇ ಧಾಟಿ. ಆ ಇಂಗ್ಲಿಷ್ ರಾಜಗೀತೆಯ ಧಾಟಿಗೇ ನಮ್ಮ ಮುತ್ತುಸ್ವಾಮಿ ದೀಕ್ಷಿತರು ಸಂಸ್ಕೃತದಲ್ಲಿ "ಸಂತತಂ ಪಾಹಿಮಾಂ" ಅಂತ ನೊಟ್ಟುಸ್ವರ ಮಾಡಿದ್ದು, ಶಂಕರಾಭರಣದಲ್ಲಿ. ಒಂದೇ ಹಾಡಿನಿಂದ ಅಲ್ಲೊಬ್ಬರು ಇಲ್ಲೊಬ್ಬರು, ಇದನ್ನ ನೆನೆಸ್ಕೊಂಡ್ರೆ ನಂಗೆ ಈಗ್ಲೂ ಖುಷಿ ಆಗತ್ತೆ.

ಮೊದಲ ಸಾಲನ್ನ ನೀವೇ ಹಾಡ್ಕೊಳ್ಳಿ: ಸ ರಿ ಗ ರಿ, ಮ ಗ ರಿ ನಿ ಸ. ನಿಷಾದ ಮಾತ್ರ ಕೆಳಗಿನದು. ಗಮಕ ಬೇಡ, ಸ್ವರನ ನೆಟ್ಟಗೆ ನಿಲ್ಲಿಸಿ. ವೀಣೆನೋ ಹಾರ್ಮೋನಿಯಮ್ಮೋ ಇದ್ರೆ ನುಡಿಸಿ ನೋಡಿ. ಆಮೇಲೆ ರೆಕಾರ್ಡಿಂಗ್ ಹಾಕಿ. ಮೊದಲು ಹಾಡು ಮೊದಲ ವಯಲಿನ್ನಿನಲ್ಲಿ ಬರತ್ತೆ, ಅದಾದ ಮೇಲೆ ನಾಲ್ಕು ಸುತ್ತು. ಹಾಡು ಬದಲಾಗಲ್ಲ, ಹಾಡೋರು ಬದಲಾಗ್ತಾರೆ. ಮೊದಲ ಸುತ್ತಲ್ಲಿ ಎರಡನೇ ವಯಲಿನ್ ಹಾಡತ್ತೆ, ಮೊದಲ ವಯಲಿನ್ ಅದರ ಸುತ್ತ ಓಡಾಡತ್ತೆ, ಮಿಕ್ಕ ಇಬ್ಬರು ಸುಮ್ನೆ. ಆಮೇಲೆ ಚೆಲ್ಲೋ, ಆಮೇಲೆ ವಯೊಲಾ, ಕೊನೇಗೆ ಮತ್ತೆ ಮೊದಲ ವಯಲಿನ್. ಹಾಡು ಯಾರ ಹತ್ರ ಇದೆ ಅಂತ ಬೆರಳು ತೋರಿಸ್ತಾ ಕೇಳಿ, ಮಕ್ಕಳಿದ್ರೆ ಅವರನ್ನೂ ಕೂರಿಸ್ಕೊಳ್ಳಿ. ಮೂರು ದಿನ ಇದೊಂದನ್ನೇ ಮಾಡಿದ್ರೂ ನಷ್ಟ ಇಲ್ಲ.

ಈಗ ಅಮ್ಮನ ಪ್ರಶ್ನೆಗೆ ಬರೋಣ. ಈ ಸಂಗೀತದಲ್ಲಿ ಷಡ್ಜ ಒಂದೇ ಕಡೆ ಕೂತಿರಲ್ಲ, ಅದಕ್ಕೇ ತಂಬೂರಿ ಇಟ್ಟು ನುಡಿಸೋಕಾಗಲ್ಲ. ನೀವು ಗ್ರಹಭೇದ ಅಂತೀರಾ, ಹತ್ತಿರದ್ದೇ ಆದ್ರೆ ಅದಲ್ಲ. ಶಂಕರಾಭರಣದ ಪಂಚಮನ ಷಡ್ಜ ಮಾಡ್ಕೊಂಡು ಗ್ರಹಭೇದ ಮಾಡಿದ್ರೆ ಹರಿಕಾಂಭೋಜಿ ಬರತ್ತೆ, ಯಾಕಂದ್ರೆ ನಾವು ಸ್ವರಸ್ಥಾನ ಮುಟ್ಟಲ್ಲ. ಇವರು ಪಂಚಮಕ್ಕೆ ಮನೆ ಬದಲಾಯಿಸಿದಾಗ ಅಲ್ಲೂ ಶಂಕರಾಭರಣನೇ ಬೇಕು ಅಂತಾರೆ, ಅದಕ್ಕೆ ಹಳೇ ಶುದ್ಧ ಮಧ್ಯಮನ ತೆಗೆದು ಪ್ರತಿ ಮಧ್ಯಮ ಹಾಕ್ತಾರೆ. ನಿಮ್ಮ ಕಿವಿಗೆ ಒಂದು ಕ್ಷಣ ಕಲ್ಯಾಣಿ ಇಣುಕಿದ ಹಾಗೆ ಕೇಳ್ಸತ್ತೆ. ಆ ಹಾಡಿನ ನಡುವಿನ ಸಾಲಿನ ಕೊನೇಲಿ, ಪಂಚಮಕ್ಕೆ ಹತ್ತೋ ಮುಂಚೆ ಸರಿಯಾಗಿ ಇದು ಬರತ್ತೆ, ಕಾದು ಹಿಡೀರಿ. ಇದನ್ನ ಅಮ್ಮನಿಗೆ ಹಾಡಿ ತೋರಿಸಿದಾಗ "ಓ, ಮನೆ ಬಿಟ್ಟು ಪಕ್ಕದ ಮನೆಗೆ ಹೋಗಿ ಬರ್ತಾರೆ ಅನ್ನು" ಅಂದ್ರು, ನಾನು ಓದಿದ ಯಾವ ವಿವರಣೆಗಿಂತಲೂ ಅದು ಚೆನ್ನಾಗಿತ್ತು. ಪೂರ್ತಿ ಕ್ವಾರ್ಟೆಟ್ ಕೇಳುವಾಗ ಹಿಡ್ಕೊಳ್ಳೋದು ಇದನ್ನೇ, ಮನೆ ಬಿಟ್ರಾ, ಎಷ್ಟು ದೂರ ಹೋದ್ರು, ಯಾವಾಗ ವಾಪಸ್ ಬಂದ್ರು.

ಇದು ಕೈಗೆ ಸಿಕ್ಕಿದ ಮೇಲೆ ಅರಮನೆ ಕಾಲಕ್ಕೆ ಹೋಗಿ. ನಿಕೊಲಾಸ್ ಪ್ರಭುಗಳು ಬ್ಯಾರಿಟಾನ್ ಅನ್ನೋ ವಾದ್ಯ ನುಡಿಸ್ತಿದ್ರು. ಬಿಲ್ಲಿನಿಂದ ನುಡಿಸೋ ತಂತಿಗಳು ಮುಂದೆ, ಹಿಂದೆ ತಾವಾಗೇ ಮಿಡಿಯೋ ತಂತಿಗಳು, ಸಿತಾರಿನ ತರಬ್ ಇದ್ದ ಹಾಗೆ, ಆದ್ರೆ ಇವನ್ನ ಹೆಬ್ಬೆರಳಿಂದ ಮೀಟಲೂಬಹುದು. ಪ್ರಭುಗಳಿಗೆ ನುಡಿಸೋಕೆ ಕೃತಿಗಳು ಸಾಕಾಗ್ತಿಲ್ಲ ಅಂತ 1765ರಲ್ಲಿ ಹೈಡನ್‌ಗೆ ಬೈಸ್ಕೊಳ್ಳೋ ಹಾಗಾಯ್ತು, ಆಮೇಲೆ ಹತ್ತು ವರ್ಷದಲ್ಲಿ ನೂರಿಪ್ಪತ್ತಕ್ಕೂ ಹೆಚ್ಚು ಬ್ಯಾರಿಟಾನ್ ಟ್ರಿಯೋ ಬರೆದ್ರು, ಹೆಚ್ಚಿನವು ಬ್ಯಾರಿಟಾನ್, ವಯೊಲಾ, ಚೆಲ್ಲೋ ಮೂರಕ್ಕೆ, ವಯಲಿನ್ನೇ ಇಲ್ಲದೆ. ಯಾವುದಾದ್ರೂ ಒಂದೆರಡು ಕೇಳಿ ಸಾಕು. ಆ ಮಂದ್ರದ ದನಿ ಸಂಜೆ ಹೊತ್ತಿಗೆ ತುಂಬ ಹಿತವಾಗಿರತ್ತೆ.

ಕೊನೇಗೆ 1781ರ ಓಪಸ್ 33, ಎರಡನೇದು, ಇದನ್ನ ಪೂರ್ತಿ ಕೇಳಿ. ನಿಧಾನದ ಲಾರ್ಗೋ ಭಾಗನ ಶುರು ಮಾಡೋದು ವಯೊಲಾ ಮತ್ತು ಚೆಲ್ಲೋ ಇಬ್ಬರೇ, ವಯಲಿನ್‌ಗಳು ಕಾಯ್ತಾವೆ. ಯಾವಾಗ್ಲೂ ಹಿಂದೆ ಇರೋ ವಯೊಲಾನ ಗಮನ ಇಟ್ಟು ಕೇಳೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಕೊನೇ ಪ್ರೆಸ್ಟೋ ಓಟದ ನಡೆ, ಪಲ್ಲವಿ ಥರ ಒಂದು ಸಾಲು ಮತ್ತೆಮತ್ತೆ ಬರತ್ತೆ, ಅದನ್ನ ಬಾಯಿಪಾಠ ಮಾಡ್ಕೊಳ್ಳಿ. ಮುಗಿಯೋ ಹೊತ್ತಿಗೆ ಹೈಡನ್ ಆ ಸಾಲನ್ನ ನಾಲ್ಕು ತುಂಡು ಮಾಡಿ ಒಂದೊಂದು ತುಂಡಾದ ಮೇಲೂ ಮೌನ ಇಡ್ತಾರೆ, ನಾಲ್ಕನೇದಾದ ಮೇಲೆ ಇನ್ನೂ ಉದ್ದದ ಮೌನ. ಆವಾಗ ಎದ್ದುಬಿಡ್ಬೇಡಿ. ಅಮ್ಮ ಮುಗೀತು ಅಂತ ಕಾಫಿ ಲೋಟ ತಗೊಂಡು ಎದ್ದಿದ್ರು, ಮೊದಲ ತುಂಡು ಮತ್ತೆ, ಕೇಳಿಸ್ತೋ ಇಲ್ವೋ ಅನ್ನೋ ಅಷ್ಟು ಮೆಲ್ಲಗೆ ಬಂತು, ಅಷ್ಟೇ ಮುಗಿದೇಹೋಯ್ತು, ಲೋಟ ಹಿಡ್ಕೊಂಡು ನಿಂತಲ್ಲೇ ನಕ್ಕು "ಮತ್ತೆ ಹಾಕು" ಅಂದ್ರು.