ಸ್ಕೌಟ್ ಎಲ್ಲಿ ಕೂತಿದ್ದಾಳೆ?

ಹಾರ್ಪರ್ ಲೀ ಬರೆದ 'ಟು ಕಿಲ್ ಎ ಮಾಕಿಂಗ್‌ಬರ್ಡ್' ಓದಲು ಹೊರಟವರಿಗೆ ಮೊದಲು ಸಿಗುವುದು ಸಿದ್ಧ ನೋಟ್ಸ್. ಆ್ಯಟಿಕಸ್ ಫಿಂಚ್ ಆದರ್ಶ ವಕೀಲ, ಹಕ್ಕಿ ಅಂದರೆ ನಿರಪರಾಧಿಗಳ ಸಂಕೇತ, ಅಷ್ಟೇ. ಎಂ.ಎ. ಇಂಗ್ಲಿಷ್‌ಗೆ ಓದುವಾಗ ನಾನು ಅದನ್ನೆಲ್ಲ ಪಕ್ಕಕ್ಕಿಟ್ಟೆ. ಒಂದೇ ಪ್ರಶ್ನೆ ಹಿಡಿದು ಓದಿದೆ. ಕಥೆ ಹೇಳುವ ಹುಡುಗಿ, ಆ್ಯಟಿಕಸ್‌ನ ಮಗಳು ಸ್ಕೌಟ್ ಪ್ರತಿ ದೃಶ್ಯದಲ್ಲೂ ಎಲ್ಲಿದ್ದಾಳೆ? ಅಲ್ಲಿಂದ ಅವಳಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ?

ಕಥೆ ನಡೆಯುವುದು ಅಮೆರಿಕದ ಅಲಬಾಮಾ ರಾಜ್ಯದ ಮೇಕಂಬ್ ಎಂಬ ಕಲ್ಪಿತ ಊರಲ್ಲಿ, 1930ರ ದಶಕದ ಬಡತನದ ಕಾಲದಲ್ಲಿ. ಲೇಖಕಿ ಹುಟ್ಟಿದ ಮನ್ರೋವಿಲ್ ಊರೇ ಅದಕ್ಕೆ ಮಾದರಿ. ಅವರ ತಂದೆಯೂ ವಕೀಲರೇ. ಕಥೆ ಶುರುವಾಗುವಾಗ ಸ್ಕೌಟ್‌ಗೆ ಇನ್ನೂ ಆರು ತುಂಬಿಲ್ಲ. ಆದರೆ ಹೇಳುತ್ತಿರುವವಳು ದೊಡ್ಡವಳಾದ ಸ್ಕೌಟ್. ಹಾಗಾಗಿ ನೋಟ್‌ಬುಕ್‌ನ ಪುಟವನ್ನು ಎರಡು ಭಾಗ ಮಾಡಿಕೊಂಡೆ. ಎಡಗಡೆ ಹುಡುಗಿ ಕಂಡದ್ದು, ಬಲಗಡೆ ನಿಜವಾಗಿ ನಡೆದದ್ದು.

ಜೈಲಿನ ಮುಂದಿನ ದೃಶ್ಯದಲ್ಲಿ ಇದರ ಲಾಭ ಗೊತ್ತಾಯಿತು. ಬಿಳಿ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ ಎಂಬ ಸುಳ್ಳು ಆರೋಪ ಹೊತ್ತ ಕಪ್ಪು ಮನುಷ್ಯ ಟಾಮ್ ರಾಬಿನ್ಸನ್ ಒಳಗಿದ್ದಾನೆ. ಅವನ ಪರ ವಾದಿಸುವ ವಕೀಲ ಆ್ಯಟಿಕಸ್. ಅವನನ್ನು ಕೊಲ್ಲಲು ರಾತ್ರಿ ಗುಂಪು ಬಂದಿದೆ. ಸ್ಕೌಟ್ ಆ ಗುಂಪಿನೊಳಗೆ ನುಗ್ಗಿ, ಗುರುತಿದ್ದ ಕನಿಂಗ್‌ಹ್ಯಾಮ್ ಅವರನ್ನು ಮಾತಾಡಿಸುತ್ತಾಳೆ. ಅವರ ಮಗ ತನ್ನ ಕ್ಲಾಸಿನವನು ಅನ್ನುತ್ತಾಳೆ. ಅವರು ಬಗ್ಗಿ ಅವಳ ಹೆಗಲು ಹಿಡಿದು ಉತ್ತರ ಕೊಟ್ಟು, ಎಲ್ಲರನ್ನೂ ಕರೆದುಕೊಂಡು ಹೋಗುತ್ತಾರೆ. ಎಡಗಡೆ ನಾನು ಬರೆದದ್ದು: ಸುಮ್ನೆ ಕ್ಷೇಮಸಮಾಚಾರ. ಬಲಗಡೆ: ಒಂದು ಕೊಲೆ ತಪ್ಪಿತು.

ಕೋರ್ಟಿನ ಅಧ್ಯಾಯಗಳಲ್ಲಿ ಜಾಸ್ತಿ ದಿನ ಕಳೆದೆ. ಕೆಳಗೆ ಬಿಳಿಯರು ತುಂಬಿದ್ದಾರೆ, ಜಾಗವಿಲ್ಲ. ಕಪ್ಪು ಜನರ ಚರ್ಚಿನ ಪಾದ್ರಿ ಸೈಕ್ಸ್ ಸ್ಕೌಟ್, ಅವಳ ಅಣ್ಣ ಮತ್ತು ಗೆಳೆಯ ಡಿಲ್ ಈ ಮೂವರು ಮಕ್ಕಳನ್ನು ಕಪ್ಪು ಜನರಿಗಿದ್ದ ಬಾಲ್ಕನಿಗೆ ಕರೆದೊಯ್ಯುತ್ತಾರೆ. ಅಲ್ಲಿ ನಾಲ್ಕು ಜನ ಎದ್ದು ಮುಂದಿನ ಸಾಲನ್ನು ಇವರಿಗೆ ಬಿಟ್ಟುಕೊಡುತ್ತಾರೆ. ಸ್ಕೌಟ್ ಇದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗುತ್ತಾಳೆ. ನಾನು ಅಲ್ಲೇ ನಿಂತೆ. ತಮ್ಮವನ ವಿಚಾರಣೆ ನೋಡಲು ಬಂದವರು ಮಕ್ಕಳಿಗಾಗಿ ಏಳಬೇಕಾಯಿತು, ಮಕ್ಕಳು ಬಿಳಿಯರಾದ್ದರಿಂದ ಅಲ್ವಾ?

ಸಾಕ್ಷ್ಯ ಸ್ಪಷ್ಟವಾಗಿಯೇ ಇದೆ. ಆರೋಪ ಹೊರಿಸಿದ ಹುಡುಗಿ ಮೇಯೆಲ್ಲಾಳ ಮುಖದ ಬಲಭಾಗಕ್ಕೆ ಏಟು ಬಿದ್ದಿದೆ. ಅವಳಪ್ಪ ಬಾಬ್ ಈವೆಲ್ ಎಡಗೈಯವನು. ಟಾಮ್‌ನ ಎಡಗೈ ಹುಡುಗನಾಗಿದ್ದಾಗಲೇ ಹತ್ತಿ ಬಿಡಿಸುವ ಯಂತ್ರಕ್ಕೆ ಸಿಕ್ಕಿ ಕೆಲಸಕ್ಕೆ ಬಾರದಾಗಿದೆ. ಆದರೂ ಟಾಮ್ ಅಪರಾಧಿ. ಮೇಯೆಲ್ಲಾಳನ್ನು ಕಂಡು ಅಯ್ಯೋ ಪಾಪ ಅನ್ನಿಸಿತು ಎಂದು ಅವನು ಹೇಳುತ್ತಾನೆ. ಕಪ್ಪು ಮನುಷ್ಯ ಬಿಳಿ ಹುಡುಗಿಗೆ ಮರುಗುವುದನ್ನು ಆ ಸಭೆ ಸಹಿಸುವುದಿಲ್ಲ.

ಸರ್ಕಾರಿ ವಕೀಲ ಟಾಮ್‌ನನ್ನು ತುಚ್ಛವಾಗಿ ಪ್ರಶ್ನಿಸುವಾಗ ಪುಟ್ಟ ಡಿಲ್ ಅಳುತ್ತಾನೆ. ಹೊರಗೆ ಕರೆತಂದ ಸ್ಕೌಟ್ ಅವನಿಗೆ ಏನು ಹೇಳುತ್ತಾಳೆ? ಎಷ್ಟೇ ಆದರೂ ಅವನೊಬ್ಬ ನೀಗ್ರೋ ತಾನೆ, ಅನ್ನುತ್ತಾಳೆ. ನಾವು ಪ್ರೀತಿಸುವ ಹುಡುಗಿಯೇ ಹೀಗನ್ನುತ್ತಾಳೆ. ನನಗೆ ಇಡೀ ಪುಸ್ತಕದ ಅತಿ ಪ್ರಾಮಾಣಿಕ ಸಾಲು ಇದು. ಪೂರ್ವಗ್ರಹ ಕೆಟ್ಟವರ ಮನೆಯಲ್ಲಿ ಮಾತ್ರ ಬೆಳೆಯುವುದಿಲ್ಲ. ಆ್ಯಟಿಕಸ್ ಸಾಕಿದ ಮಗುವಿಗೂ ಊರಿನ ಗಾಳಿ ತಾಗಿದೆ.

ಇದರ ಜೊತೆಗೆ ಸ್ಕಾಟ್ಸ್‌ಬರೋ ಪ್ರಕರಣವನ್ನೂ ಓದಿದೆ. 1931ರಲ್ಲಿ ಅದೇ ಅಲಬಾಮಾದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿ ಹೆಂಗಸರು ಅತ್ಯಾಚಾರದ ಆರೋಪ ಹೊರಿಸಿದ್ದರು. ಎಲ್ಲರೂ ಬಿಳಿಯರೇ ಇದ್ದ ಜ್ಯೂರಿ, ಅಂದರೆ ತೀರ್ಪು ಕೊಡುವ ಸಾಮಾನ್ಯ ನಾಗರಿಕರ ತಂಡ, ಅವರಲ್ಲಿ ಎಂಟು ಜನರಿಗೆ ಶಿಕ್ಷೆ ಕೊಟ್ಟಿತು. ಜ್ಯೂರಿಯಿಂದ ಕಪ್ಪು ಜನರನ್ನು ಹೊರಗಿಟ್ಟದ್ದು ಸಂವಿಧಾನಕ್ಕೆ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1935ರಲ್ಲಿ. ಟಾಮ್‌ನ ವಿಚಾರಣೆ ನಡೆಯುವುದೂ ಅದೇ ವರ್ಷದ ಬೇಸಿಗೆಯಲ್ಲಿ. ಮೇಕಂಬ್‌ನ ಜ್ಯೂರಿಯಲ್ಲಿ ಒಬ್ಬ ಕಪ್ಪು ಮನುಷ್ಯನೂ ಇಲ್ಲ. ತೀರ್ಪು ಬಂದರೂ ಊರು ಬದಲಾಗಲಿಲ್ಲ ಎಂಬುದು ಆಗ ಅರ್ಥವಾಯಿತು.

ಕೊನೆಗೆ ಸ್ಕೌಟ್ ಹೋಗದ ಜಾಗಗಳ ಪಟ್ಟಿ ಮಾಡಿದೆ. ಅಡುಗೆ ಮತ್ತು ಮಕ್ಕಳನ್ನು ನೋಡಿಕೊಳ್ಳುವ ಕಪ್ಪು ಹೆಂಗಸು ಕ್ಯಾಲ್ಪರ್ನಿಯಾ ಜೊತೆ ಅವಳು ಚರ್ಚಿಗೆ ಹೋಗುತ್ತಾಳೆ, ಆದರೆ ಅವಳ ಮನೆಗೆ ಹೋಗುವುದಿಲ್ಲ. ಟಾಮ್‌ನ ಮನೆಯೊಳಕ್ಕೂ ಹೋಗುವುದಿಲ್ಲ. ಜೈಲಿನಿಂದ ಓಡುವಾಗ ಗುಂಡು ತಗುಲಿ ಟಾಮ್ ಸತ್ತ ಸುದ್ದಿ ಕೇಳಿ ಅವನ ಹೆಂಡತಿ ಹೆಲೆನ್ ಕುಸಿದದ್ದನ್ನೂ ಅವಳು ಡಿಲ್‌ನ ಬಾಯಿಂದ ಕೇಳುತ್ತಾಳೆ. ಅತಿ ದೊಡ್ಡ ನಷ್ಟ ಆದ ಮನೆ ನಮಗೆ ಕಾಣುವುದು ಬೇರೆಯವರ ಕಣ್ಣಲ್ಲಿ ಮಾತ್ರ. ಪರೀಕ್ಷೆಯ ಉತ್ತರದಲ್ಲಿ ಇದನ್ನು ಕಾದಂಬರಿಯ ಮಿತಿ ಎಂದೇ ಬರೆದೆ. ಇವತ್ತಿಗೂ ನನಗೆ ಹಾಗೇ ಅನ್ನಿಸುತ್ತದೆ.

ಸಮಯ ಕಡಿಮೆ ಇದ್ದರೆ 12, 15, 19 ಮತ್ತು 25ನೇ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ. ಈ ಸಲ ಆ್ಯಟಿಕಸ್‌ನನ್ನು ಬಿಟ್ಟು, ಕ್ಯಾಲ್ಪರ್ನಿಯಾ ಮತ್ತು ಹೆಲೆನ್ ಏನು ಮಾಡುತ್ತಿದ್ದಾರೆ ಅಂತ ಗಮನಿಸಿ.