ದಿನಾ ಸ್ಕೆಚ್ ಮಾಡುವುದು ತಪ್ಪುತ್ತಿತ್ತು, ಬಸ್ ಸ್ಟಾಪಿನಲ್ಲಿ ಹಾದಿಗೆ ಬಂತು

ಹೊಸ ಸ್ಕೆಚ್ ಪುಸ್ತಕ ತಂದ ಮೇಲೆ ನಾಲ್ಕು ದಿನ ಬಿಡಿಸುತ್ತಿದ್ದೆ. ಐದನೇ ದಿನ ತಪ್ಪಿತೆಂದರೆ ತಿಂಗಳುಗಟ್ಟಲೆ ಖಾಲಿ. ಎರಡು ವರ್ಷ ಹೀಗೇ ನಡೆಯಿತು.

ರಾತ್ರಿ 9ಕ್ಕೆ ಅಲಾರಾಂ ಇಟ್ಟೆ. ಅದು ಊಟದ, ಮಕ್ಕಳ ಹೋಂವರ್ಕಿನ ಹೊತ್ತು. ಎ4 ಅಳತೆಯ ದಪ್ಪ ಕಾಗದದ ಪುಸ್ತಕ ತಂದೆ. ಪುಟ ಕೆಡುತ್ತದೆಂದು ಮುಟ್ಟಲೇ ಇಲ್ಲ. ನಸುಕಿನಲ್ಲಿ ಏಳುವುದೂ ವಾರ ದಾಟಲಿಲ್ಲ.

ಕೊನೆಗೆ ಹಿಡಿತಕ್ಕೆ ಬಂದದ್ದು ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವ ಚಿಗರಿ ಬಸ್ಸಿಗೆ ಕಾಯುವ ಹೊತ್ತಿನಲ್ಲಿ. ಪುಸ್ತಕ ಎ6, ಅಂದರೆ 105 × 148 ಮಿಲಿಮೀಟರ್. ಪ್ಯಾಂಟಿನ ಕಿಸೆಯಲ್ಲೇ ಇರಬೇಕು, ಚೀಲದಲ್ಲಿಟ್ಟರೆ ಹೊರಗೆ ಬರುವುದಿಲ್ಲ. ಪೆನ್ಸಿಲ್, ರಬ್ಬರ್ ಬೇಡ, ಒಂದು ಕರಿ ಬಾಲ್‌ಪೆನ್ ಸಾಕು. ಟಿಕೆಟ್ ಕಿಸೆಗೆ ಹೋದ ಕೂಡಲೇ ಪುಸ್ತಕ ಕೈಗೆ. ಮೊದಲು ತಾರೀಖು ಬರೆಯಿರಿ. ಪುಟ ಖಾಲಿ ಉಳಿಯದಿದ್ದರೆ ಅರ್ಧ ಅಳುಕು ಅಲ್ಲೇ ಹೋಗುತ್ತದೆ. ಆಮೇಲೆ ಎದುರಿಗೆ ಕಂಡ ಒಂದೇ ಒಂದು ದೊಡ್ಡ ಆಕಾರ: ಕೂತವರ ಬೆನ್ನು, ಕೈಚೀಲ, ಕಂಬ. ಮುಖಕ್ಕೆ ಕೈಹಾಕಬೇಡಿ. ಬಸ್ ಬಂದರೆ ಅರ್ಧಕ್ಕೇ ನಿಲ್ಲಿಸಿ. ಒಳಗೆ ಸೀಟು ಸಿಕ್ಕರೆ ನೆರಳಿನ ಭಾಗಕ್ಕೆ ಅಡ್ಡಗೆರೆ ತುಂಬಬಹುದು. ಬಸ್ಸಿನ ಅಲುಗಾಟ ಅದನ್ನು ಕೆಡಿಸುವುದಿಲ್ಲ, ಹೊರಗೆರೆಯನ್ನು ಕೆಡಿಸುತ್ತದೆ. ಹುಬ್ಬಳ್ಳಿಯ ಉಣಕಲ್ ಸ್ಟಾಪ್ ಬಂದೊಡನೆ ಪುಸ್ತಕ ಮುಚ್ಚಿ. ನಿನ್ನೆಯ ಪುಟ ತಿದ್ದಬೇಡಿ.

ರವಿವಾರ ನಾನು ಬಸ್ಸಿಗೆ ಹೋಗುವುದಿಲ್ಲ. ಆವತ್ತು ಚಹಾ ಕುದಿಯುವಷ್ಟು ಹೊತ್ತು, ಒಲೆ ಪಕ್ಕದ ರೊಟ್ಟಿ ಬುಟ್ಟಿ.